ಸ್ಲ್ಯಾಕ್ ಅನ್ನು ಐಡೆಂಟಿಟಿ ಗವರ್ನೆನ್ಸ್‌ಗೆ ಜೋಡಿಸಿದೆವು: ಖಾತೆಗಳು ಬಂದವು, ಯಾರದ್ದು ಅಂತ ಗೊತ್ತಾಗ್ತಿಲ್ಲ

ಹೊಸಸೇತುವೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಯ ಒಳಗಿನ ಮಾತುಕತೆಯೆಲ್ಲ ನಡೆಯುವುದು ಸ್ಲ್ಯಾಕ್‌ನಲ್ಲಿ. ಎಂಟರ್‌ಪ್ರೈಸ್ ಗ್ರಿಡ್ ಪ್ಲಾನ್ ಇದೆ. ಯಾರಿಗೆ ಎಲ್ಲೆಲ್ಲಿ ಪ್ರವೇಶ ಇದೆ ಎಂದು ನೋಡಿಕೊಳ್ಳಲು, ಅಂದರೆ ಐಡೆಂಟಿಟಿ ಗವರ್ನೆನ್ಸ್‌ಗೆ, ಸೈಲ್‌ಪಾಯಿಂಟ್‌ನ ಕ್ಲೌಡ್ ವೇದಿಕೆ ಬಳಸುತ್ತೇವೆ. ಇಷ್ಟು ದಿನ ಎರಡಕ್ಕೂ ಸಂಬಂಧವೇ ಇರಲಿಲ್ಲ. ಯಾರಾದರೂ ಕೆಲಸ ಬಿಟ್ಟರೆ ಅವರ ಸ್ಲ್ಯಾಕ್ ಖಾತೆ ಮುಚ್ಚಿಸಲು ಒಬ್ಬರು ಇನ್ನೊಬ್ಬರಿಗೆ ಮೇಲ್ ಹಾಕಬೇಕಿತ್ತು. ಈಗ ಜೋಡಿಸುವ ಕೆಲಸ ನನಗೆ ಬಂದಿದೆ.

ವೇದಿಕೆಯನ್ನು ಹೊರಗಿನ ಸಿಸ್ಟಂಗೆ ಜೋಡಿಸುವ ವೆಬ್ ಸರ್ವಿಸಸ್ ಕನೆಕ್ಟರ್ ತೆಗೆದುಕೊಂಡು, ಓದುವುದಕ್ಕೆ ಸ್ಲ್ಯಾಕ್‌ನ ವೆಬ್ ಎಪಿಐ, ಬರೆಯುವುದಕ್ಕೆ ಸ್ಕಿಮ್ (ಬಳಕೆದಾರರ ಖಾತೆಗಳನ್ನು ನಿರ್ವಹಿಸುವ ಸಾಮಾನ್ಯ ಮಾನದಂಡ) ಎಪಿಐ ಎಂದು ಹೊಂದಿಸಿದ್ದೇನೆ. ಟೆಸ್ಟ್ ಕನೆಕ್ಷನ್ ಸರಿಯಾಗಿದೆ. ಅಗ್ರಿಗೇಶನ್ (ಸ್ಲ್ಯಾಕ್ ಖಾತೆಗಳನ್ನು ಓದಿ ವೇದಿಕೆಗೆ ತರುವುದು) ಕೂಡ ಯಾವ ಎರರ್ ಇಲ್ಲದೆ ಮುಗಿಯುತ್ತದೆ. ಆದರೆ ಬಂದ ಖಾತೆಗಳು ನಮ್ಮ ಉದ್ಯೋಗಿಗಳಿಗಿಂತ ಎಷ್ಟೋ ಜಾಸ್ತಿ. ಒಂದೂ ಯಾರಿಗೂ ಹೊಂದಿಕೊಳ್ಳುತ್ತಿಲ್ಲ. ಖಾತೆಯನ್ನು ಉದ್ಯೋಗಿಗೆ ಹೊಂದಿಸುವ ಕೋರಿಲೇಷನ್ ನಿಯಮ ಇಮೇಲ್ ಮೇಲಿದೆ. ಖಾತೆ ತೆರೆದು ನೋಡಿದರೆ ಇಮೇಲ್ ಜಾಗವೇ ಖಾಲಿ. ಹೋಗಲಿ, ಪೂರ್ಣ ಹೆಸರಿನ ಮೇಲೆ ಹೊಂದಿಸಬಹುದಾ ಎಂದು ತಂಡದಲ್ಲಿ ಕೇಳುತ್ತಿದ್ದಾರೆ.

ಇನ್ನೂ ಎರಡು ವಿಷಯ ತಲೆ ತಿನ್ನುತ್ತಿವೆ. ಕೆಲಸ ಬಿಟ್ಟವರ ಖಾತೆಯನ್ನು ಡಿಸೇಬಲ್ ಮಾಡಬೇಕೋ, ಡಿಲೀಟ್ ಮಾಡಬೇಕೋ? ಮತ್ತೆ, ಆಡಿಟ್‌ನವರು ಚಾನಲ್‌ಗಳನ್ನೂ ಪ್ರವೇಶ ಪರಿಶೀಲನೆಗೆ ತನ್ನಿ ಎನ್ನುತ್ತಿದ್ದಾರೆ. ಸಾವಿರಾರು ಚಾನಲ್ ಇವೆ. ಎಲ್ಲವನ್ನೂ ಎನ್‌ಟೈಟಲ್‌ಮೆಂಟ್ (ವೇದಿಕೆಯಲ್ಲಿ ಒಂದೊಂದಾಗಿ ಪರಿಶೀಲಿಸುವ ಪ್ರವೇಶ ಹಕ್ಕು) ಮಾಡಬೇಕಾ? ಮಾಡಿದವರು ದಯವಿಟ್ಟು ಹೇಳಿ.

ರಾತ್ರಿಪಾಳಿ

ಇಮೇಲ್ ಖಾಲಿ ಬರುವುದು ಸ್ಕೋಪ್ ಸಮಸ್ಯೆ, ಅಂದರೆ ಆ್ಯಪ್‌ಗೆ ಕೊಟ್ಟ ಅನುಮತಿಯ ಸಮಸ್ಯೆ. ಬಳಕೆದಾರರ ಪಟ್ಟಿ ಓದುವ ಸ್ಕೋಪ್ ಬೇರೆ, ಅವರ ಇಮೇಲ್ ಓದುವ ಸ್ಕೋಪ್ ಬೇರೆ. ಮೊದಲನೆಯದು ಮಾತ್ರ ಇದ್ದರೆ ಹೆಸರು, ಐಡಿ ಎಲ್ಲ ಬರುತ್ತದೆ, ಇಮೇಲ್ ಸುಮ್ನೆ ಬಿಟ್ಟುಹೋಗುತ್ತದೆ. ಎರರ್ ಬರುವುದಿಲ್ಲ. ಅದಕ್ಕೇ ನಿಮ್ಮ ಅಗ್ರಿಗೇಶನ್ ಸರಿಯಾಗಿ ಮುಗಿದ ಹಾಗೆ ಕಾಣುತ್ತಿದೆ.

ಸ್ಕೋಪ್ ಸೇರಿಸಿದ ಮೇಲೆ ಆ್ಯಪ್ ಅನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ. ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿದ ಮಾತ್ರಕ್ಕೆ ಟೋಕನ್‌ಗೆ (ಕನೆಕ್ಟರ್ ಸ್ಲ್ಯಾಕ್‌ಗೆ ತೋರಿಸುವ ಗುಪ್ತ ಕೀಲಿಗೆ) ಹೊಸ ಅಧಿಕಾರ ಬರುವುದಿಲ್ಲ. ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಲೆಕ್ಕ ಜಾಸ್ತಿ ಬರುವುದಕ್ಕೆ ಕಾರಣ ಬೇರೆ. ಆ ಪಟ್ಟಿಯಲ್ಲಿ ಬಾಟ್‌ಗಳಿರುತ್ತವೆ. ಎಂದೋ ನಿಷ್ಕ್ರಿಯ ಮಾಡಿದ ಖಾತೆಗಳೂ ಇರುತ್ತವೆ, 'ಡಿಲೀಟೆಡ್' ಎಂಬ ಗುರುತು ಹೊತ್ತುಕೊಂಡು. ಅವನ್ನು ಎಸೆಯಬೇಡಿ, ಡಿಸೇಬಲ್ ಆದ ಖಾತೆ ಎಂದು ಮ್ಯಾಪ್ ಮಾಡಿ. ಆಮೇಲೆ ಬೇಕಾಗುತ್ತವೆ. ಬಾಟ್‌ಗಳನ್ನು ಅವುಗಳ ಗುರುತು ನೋಡಿ ಬೇರೆ ಮಾಡಬಹುದು. ಸ್ಲ್ಯಾಕ್‌ಬಾಟ್ ಒಂದಕ್ಕೆ ಮಾತ್ರ ಆ ಗುರುತು 'ಅಲ್ಲ' ಎಂದೇ ಬರುತ್ತದೆ. ಅದನ್ನು ಐಡಿ ನೋಡಿಯೇ ಬಿಡಬೇಕು.

ಇನ್ನೊಂದು: ಗ್ರಿಡ್‌ನಲ್ಲಿ ಹಲವು ವರ್ಕ್‌ಸ್ಪೇಸ್ (ಒಂದೇ ಕಂಪನಿಯೊಳಗಿನ ಬೇರೆ ಬೇರೆ ಸ್ಲ್ಯಾಕ್ ಅಂಗಳ) ಇರುತ್ತವೆ. ಒಂದೊಂದನ್ನೇ ಓದಿ ಕೂಡಿಸಿದರೆ, ಮೂರು ಕಡೆ ಇರುವ ಮನುಷ್ಯ ಮೂರು ಸಲ ಬರುತ್ತಾನೆ. ಸ್ಲ್ಯಾಕ್ ಐಡಿ ಮೇಲೆ ಒಂದು ಮಾಡಿ.

ಸ್ಕಿಮ್ ಓದುಗ

ಹೆಸರಿನ ಮೇಲೆ ಹೊಂದಿಸುವ ಯೋಚನೆಯನ್ನು ಇವತ್ತೇ ಕೈಬಿಡಿ. ಒಂದೇ ಹೆಸರಿನ ಇಬ್ಬರು ಇದ್ದರೆ ಒಬ್ಬರ ಖಾತೆ ಇನ್ನೊಬ್ಬರಿಗೆ ಅಂಟುತ್ತದೆ. ಆಗ ಅವರು ಕೆಲಸ ಬಿಟ್ಟ ದಿನ ಇವರ ಖಾತೆ ಮುಚ್ಚುತ್ತದೆ. ಹೊಂದಿಕೊಳ್ಳದೆ ಉಳಿದ ಖಾತೆ ಕಣ್ಣಿಗೆ ಕಾಣುತ್ತದೆ, ಯಾರಾದರೂ ಕೇಳುತ್ತಾರೆ. ತಪ್ಪು ಜನಕ್ಕೆ ಹೊಂದಿಕೊಂಡ ಖಾತೆ ಸರಿಯಾದದ್ದರ ಹಾಗೇ ಕಾಣುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ಖಾತೆಯ ಮೂಲ ಗುರುತಾಗಿ ಸ್ಲ್ಯಾಕ್ ಐಡಿಯನ್ನೇ ಇಡಿ. ಇಮೇಲ್ ಇಡಬೇಡಿ. ಹೆಸರು ಬದಲಾದಾಗ ಇಮೇಲ್ ಬದಲಾಗುತ್ತದೆ, ಕಂಪನಿ ಡೊಮೇನ್ ಬದಲಾಯಿಸಿದರೆ ಒಂದೇ ದಿನ ಎಲ್ಲರದ್ದೂ ಬದಲಾಗುತ್ತದೆ. ಇಮೇಲ್ ಗುರುತಾಗಿದ್ದರೆ ವೇದಿಕೆಯ ಕಣ್ಣಿಗೆ ಹಳೇ ಖಾತೆ ಮಾಯ, ಹೊಸ ಖಾತೆ ಹುಟ್ಟು. ಕೋರಿಲೇಷನ್‌ಗೆ ಮೊದಲ ಸಲ ಇಮೇಲ್ ಬಳಸಿ, ತೊಂದರೆ ಇಲ್ಲ. ಆಮೇಲೆ ಉದ್ಯೋಗಿ ಸಂಖ್ಯೆಯನ್ನು ಸ್ಲ್ಯಾಕ್‌ಗೆ ಬರೆದುಬಿಡಿ. ಸ್ಕಿಮ್‌ನ ಎಂಟರ್‌ಪ್ರೈಸ್ ವಿಸ್ತರಣೆಯಲ್ಲಿ ಅದಕ್ಕೆಂದೇ ಜಾಗ ಇದೆ. ಒಮ್ಮೆ ಆ ಸಂಖ್ಯೆ ಎರಡೂ ಕಡೆ ಕೂತರೆ ಇಮೇಲ್ ಬದಲಾದರೂ ಕೊಂಡಿ ತಪ್ಪುವುದಿಲ್ಲ.

ಸ್ಕಿಮ್ 2.0 ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ಇಂಟರ್‌ನೆಟ್ ಮಾನದಂಡದ ದಾಖಲೆಗಳಾದ ಆರ್‌ಎಫ್‌ಸಿಗಳಲ್ಲಿ 7643ರಲ್ಲಿ ಸ್ಕೀಮಾ (ಮಾಹಿತಿಯ ನಮೂನೆ), 7644ರಲ್ಲಿ ಪ್ರೋಟೋಕಾಲ್. ಸ್ಲ್ಯಾಕ್‌ನಲ್ಲಿ ಹಳೆಯ 1.1 ವಿಳಾಸವೂ ಇದೆ, 2.0 ವಿಳಾಸವೂ ಇದೆ. ಹೊಸದಾಗಿ ಕಟ್ಟುವವರು 2.0 ಹಿಡಿಯಿರಿ. ಎರಡರಲ್ಲಿ ಸ್ಕೀಮಾ ಹೆಸರುಗಳು ಬೇರೆ. ಒಂದರ ಉದಾಹರಣೆ ನೋಡಿಕೊಂಡು ಇನ್ನೊಂದಕ್ಕೆ ಕಳಿಸಿದರೆ ಆಗುವುದಿಲ್ಲ.

ಹೊಸಸೇತುವೆ

ತುಂಬಾ ಧನ್ಯವಾದ ಇಬ್ಬರಿಗೂ. ಇಮೇಲ್ ಸ್ಕೋಪ್ ಇರಲಿಲ್ಲ. ಸೇರಿಸಿ, ಮತ್ತೆ ಇನ್‌ಸ್ಟಾಲ್ ಮಾಡಿದ ಮೇಲೆ ಇಮೇಲ್‌ಗಳು ಬಂದವು. ಉದ್ಯೋಗಿಗಳ ಖಾತೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಕೂತವು. ಉಳಿದಿರುವುದು ಬಾಟ್‌ಗಳು, ಹಳೇ ಖಾತೆಗಳು ಮತ್ತು ಹೊರಗಿನ ಅತಿಥಿಗಳು. ಅತಿಥಿಗಳ ವಿಷಯ ಆಮೇಲೆ ಕೇಳುತ್ತೇನೆ. ಮೊದಲು ಕೆಲಸ ಬಿಟ್ಟವರದ್ದು. ನಮ್ಮ ಲಾಗಿನ್ ಎಲ್ಲ ಎಸ್‌ಎಸ್‌ಒ (ಒಂದೇ ಲಾಗಿನ್‌ನಿಂದ ಎಲ್ಲ ಆ್ಯಪ್‌ಗಳಿಗೆ ಪ್ರವೇಶ) ಮೂಲಕವೇ. ಅಲ್ಲಿ ಮುಚ್ಚಿದರೆ ಸ್ಲ್ಯಾಕ್ ತಾನಾಗಿ ಮುಚ್ಚಿದ ಹಾಗೆ ಅಲ್ವಾ ಎಂದು ಒಬ್ಬ ಹಿರಿಯರು ಹೇಳಿದರು.

ಆಡಿಟ್ ಮೇಜು

ಅಲ್ಲ. ಈ ಮಾತು ನಾನು ಪದೇ ಪದೇ ಕೇಳುತ್ತೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಸ್‌ಎಸ್‌ಒ ಪರೀಕ್ಷೆ ಮಾಡುವುದು ಒಳಗೆ ಬರುವ ಕ್ಷಣದಲ್ಲಿ. ಒಳಗೆ ಬಂದಾಗಿದೆ, ಫೋನಿನಲ್ಲಿ ಆ್ಯಪ್ ತೆರೆದೇ ಇದೆ ಎಂದರೆ, ಆ ಸೆಷನ್ ಸ್ಲ್ಯಾಕ್‌ನದು. ಗುರುತಿನ ಕಡೆ ನೀವು ಖಾತೆ ಮುಚ್ಚಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಸೆಷನ್ ಅವಧಿಗೆ ಮಿತಿ ಹಾಕಿಲ್ಲದಿದ್ದರೆ ಮನುಷ್ಯ ಕೆಲಸ ಬಿಟ್ಟ ಮೇಲೂ ಸಂದೇಶ ಓದುತ್ತಾ ಇರಬಹುದು. ಸಂಬಳದ ಸಿಸ್ಟಂ, ಕೋಡ್ ರೆಪೊಸಿಟರಿ ಎಲ್ಲ ಬಂದ್ ಆಗಿರುತ್ತದೆ. ಮಾತುಕತೆ ಮಾತ್ರ ತೆರೆದಿರುತ್ತದೆ. ಪಾಸ್‌ವರ್ಡ್, ಗಿರಾಕಿಗಳ ಫೈಲ್, ಇನ್ನೂ ಘೋಷಿಸದ ಯೋಜನೆ ಎಲ್ಲ ಹರಿದಾಡುವುದು ಅಲ್ಲೇ ಅಲ್ವಾ?

ಸ್ಲ್ಯಾಕ್‌ನಲ್ಲೇ ಖಾತೆಯನ್ನು ನಿಷ್ಕ್ರಿಯ ಮಾಡಿದರೆ ಎಲ್ಲ ಸಾಧನಗಳಲ್ಲೂ ಲಾಗ್‌ಔಟ್ ಆಗುತ್ತದೆ. ಎಸ್‌ಎಸ್‌ಒ ಮುಚ್ಚುವುದೂ ಬೇಕು, ಇದೂ ಬೇಕು. ಎರಡೂ ಬೇರೆ ಕೆಲಸ.

ಹುಟ್ಟುವ ಕಡೆಯೂ ನೋಡಿಕೊಳ್ಳಿ. ಸ್ಯಾಮಲ್ (ಎಸ್‌ಎಸ್‌ಒ ಬಳಸುವ ಒಂದು ಮಾನದಂಡ) ಮೂಲಕ ಮೊದಲ ಸಲ ಲಾಗಿನ್ ಆದವರಿಗೆ ಸ್ಲ್ಯಾಕ್ ತಾನೇ ಖಾತೆ ಮಾಡಿಕೊಡುತ್ತದೆ. ಹಾಗೆ ಹುಟ್ಟಿದ ಖಾತೆಗೆ ನಿಮ್ಮ ವೇದಿಕೆಯಲ್ಲಿ ಕೋರಿಕೆಯೂ ಇಲ್ಲ, ಒಪ್ಪಿಗೆಯೂ ಇಲ್ಲ. ಆದ್ದರಿಂದ ಎಸ್‌ಎಸ್‌ಒದಲ್ಲಿ ಸ್ಲ್ಯಾಕ್ ಆ್ಯಪ್ ಯಾರಿಗೆ ಕಾಣಬೇಕು ಎಂಬುದನ್ನೂ ವೇದಿಕೆಯಲ್ಲಿ ಸ್ಲ್ಯಾಕ್ ಪ್ರವೇಶ ಕೊಡುವ ರೋಲ್‌ಗೇ ಕಟ್ಟಿ.

ಸ್ಲ್ಯಾಕ್ ಅಡ್ಮಿನ್

ಡಿಸೇಬಲ್, ಡಿಲೀಟ್ ಬಗ್ಗೆ: ಸ್ಲ್ಯಾಕ್‌ನ ಸ್ಕಿಮ್‌ನಲ್ಲಿ ಡಿಲೀಟ್ ಕಳಿಸಿದರೂ ಆಗುವುದು ನಿಷ್ಕ್ರಿಯವೇ. ಖಾತೆ ಅಳಿಯುವುದಿಲ್ಲ. ಹಳೇ ಸಂದೇಶ, ಫೈಲ್ ಎಲ್ಲ ಹಾಗೇ ಇರುತ್ತವೆ. ಆದ್ದರಿಂದ 'ಡಿಲೀಟ್ ಆಯಿತು' ಎಂದು ವರದಿಯಲ್ಲಿ ಬರೆಯಬೇಡಿ, ಮುಂದಿನ ಅಗ್ರಿಗೇಶನ್‌ನಲ್ಲಿ ಅದೇ ಖಾತೆ ಮತ್ತೆ ಬಂದು ನಿಲ್ಲುತ್ತದೆ. ವೇದಿಕೆಯಲ್ಲಿ ಡಿಸೇಬಲ್ ಎಂದೇ ಇಡಿ, ಎರಡೂ ಕಡೆ ಒಂದೇ ಮಾತು ಇರಲಿ.

ಮಾಡುವಾಗ ಪ್ಯಾಚ್ (ಕೇಳಿದ ಭಾಗವನ್ನಷ್ಟೇ ಬದಲಿಸುವ ಕರೆ) ಬಳಸಿ, 'ಆ್ಯಕ್ಟಿವ್' ಒಂದನ್ನೇ 'ಫಾಲ್ಸ್' ಮಾಡಿ. ಪುಟ್ (ಇಡೀ ದಾಖಲೆಯನ್ನೇ ಬದಲಿಸುವ ಕರೆ) ಬಳಸಿದರೆ ನೀವು ಕಳಿಸದ ಮಾಹಿತಿಯೆಲ್ಲ ಖಾಲಿಯಾಗುತ್ತದೆ. ಗುಂಪಿನ ಮೇಲೆ ಪುಟ್ ಹಾಕುವುದು ಇನ್ನೂ ಕೆಟ್ಟದ್ದು. ಗುಂಪಿನ ಹೆಸರು ಮಾತ್ರ ಬದಲಾಯಿಸಲು ಹೋಗಿ ಸದಸ್ಯರ ಪಟ್ಟಿ ಕಳಿಸದಿದ್ದರೆ ಗುಂಪೇ ಬರಿದಾಗುತ್ತದೆ.

ಬಿಟ್ಟುಹೋದವರು ವಾಪಸ್ ಬಂದರೆ ಹೊಸ ಖಾತೆ ಮಾಡಲು ಹೋಗಬೇಡಿ. ಅದೇ ಇಮೇಲ್ ಇರುವ ಹಳೇ ಖಾತೆ ಅಲ್ಲೇ ಇರುತ್ತದೆ. ಸ್ಕಿಮ್ ನಿಯಮದ ಪ್ರಕಾರ ಇಂಥ ಕಡೆ 409, ಅಂದರೆ 'ಈಗಾಗಲೇ ಇದೆ' ಎಂಬ ಎರರ್ ಬರುತ್ತದೆ. ಹಳೆಯದನ್ನೇ ಮತ್ತೆ ಸಕ್ರಿಯ ಮಾಡಿ. ರಾತ್ರಿಪಾಳಿಯವರು ನಿಷ್ಕ್ರಿಯ ಖಾತೆಗಳನ್ನು ಎಸೆಯಬೇಡಿ ಎಂದದ್ದು ಇದಕ್ಕೇ.

ಪ್ರೈಮರಿ ಓನರ್ ಖಾತೆಯನ್ನು ಹೀಗೆ ಮುಚ್ಚಲು ಆಗುವುದಿಲ್ಲ. ಮೊದಲು ಒಡೆತನ ಇನ್ನೊಬ್ಬರಿಗೆ ವರ್ಗವಾಗಬೇಕು. ಅದೊಂದನ್ನು ಕೈಯಿಂದ ಮಾಡುವ ಕೆಲಸ ಎಂದು ಬರೆದಿಟ್ಟುಕೊಳ್ಳಿ.

ರಾತ್ರಿಪಾಳಿ

ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಆ ಟೋಕನ್ ಯಾರದ್ದು?

ನನಗೆ ಈ ಇಡೀ ಜೋಡಣೆಯಲ್ಲಿ ಎಲ್ಲಕ್ಕಿಂತ ಮುಖ್ಯ ಎನಿಸುವುದು ಇದೇ. ಸ್ಲ್ಯಾಕ್‌ನಲ್ಲಿ ಮುಖ್ಯವಾಗಿ ಎರಡು ಬಗೆಯ ಟೋಕನ್ ಇದೆ. ಬಾಟ್ ಟೋಕನ್ ಆ್ಯಪ್‌ಗೆ ಸೇರಿದ್ದು. ಇನ್‌ಸ್ಟಾಲ್ ಮಾಡಿದವರು ಹೋದರೂ ಅದು ನಡೆಯುತ್ತದೆ. ಯೂಸರ್ ಟೋಕನ್ ಒಬ್ಬ ಮನುಷ್ಯನಿಗೆ ಸೇರಿದ್ದು. ಸ್ಕಿಮ್‌ಗೆ ಅಡ್ಮಿನ್ ಸ್ಕೋಪ್ ಇರುವ ಯೂಸರ್ ಟೋಕನ್ ಬೇಕು. ಅಂದರೆ ನಿಮ್ಮ ಕನೆಕ್ಟರ್ ಯಾರೋ ಒಬ್ಬ ಓನರ್‌ನ ಹೆಸರಿನಲ್ಲಿ ಮಾತಾಡುತ್ತಿದೆ. ಆ ಓನರ್ ಕೆಲಸ ಬಿಡುತ್ತಾರೆ ಎಂದುಕೊಳ್ಳಿ. ಮಾನವ ಸಂಪನ್ಮೂಲದವರು ದಿನಾಂಕ ಹಾಕುತ್ತಾರೆ. ವೇದಿಕೆ ತನ್ನ ಕೆಲಸ ನಿಷ್ಠೆಯಿಂದ ಮಾಡುತ್ತದೆ, ಆ ಖಾತೆಯನ್ನು ನಿಷ್ಕ್ರಿಯ ಮಾಡುತ್ತದೆ. ಆ ಕ್ಷಣದಿಂದ ಟೋಕನ್ ಸತ್ತಿದೆ. ಕೂತ ಕೊಂಬೆಯನ್ನೇ ಕಡಿದ ಹಾಗೆ. ಮುಂದಿನ ಕರೆಗೆ 'ಅಕೌಂಟ್ ಇನ್‌ಆ್ಯಕ್ಟಿವ್' ಎಂಬ ಉತ್ತರ ಬರುತ್ತದೆ. ಅವರ ನಂತರ ಕೆಲಸ ಬಿಟ್ಟ ಯಾರ ಖಾತೆಯೂ ಮುಚ್ಚುವುದಿಲ್ಲ. ಯಾರಾದರೂ ಎರರ್ ಪಟ್ಟಿ ನೋಡುವವರೆಗೆ ಇದು ಗೊತ್ತಾಗುವುದೂ ಇಲ್ಲ. ಆ ಓನರ್‌ನ ರೋಲ್ ಇಳಿಸಿದರೂ ಇದೇ ಕಥೆ, ಟೋಕನ್‌ನ ಅಧಿಕಾರ ಹೋಗುತ್ತದೆ.

ಹಾಗಾಗಿ ಕನೆಕ್ಟರ್‌ಗೆಂದೇ ಒಂದು ಸೇವಾ ಖಾತೆ ಮಾಡಿ. ಅದರ ಇಮೇಲ್ ತಂಡದ ಪೆಟ್ಟಿಗೆಗೆ ಹೋಗಲಿ. ಆ ಖಾತೆಯಿಂದಲೇ ಆ್ಯಪ್ ಇನ್‌ಸ್ಟಾಲ್ ಆಗಲಿ. ಕೆಲಸ ಬಿಟ್ಟವರ ನಿಯಮ ಅದನ್ನು ಮುಟ್ಟದ ಹಾಗೆ ಹೊರಗಿಡಿ. ಹೊರಗಿಟ್ಟು ಮರೆಯಬೇಡಿ. ವೇದಿಕೆಯಲ್ಲಿ ಅದಕ್ಕೆ ಒಬ್ಬ ಜವಾಬ್ದಾರ ಮನುಷ್ಯನನ್ನು ಹೆಸರಿಸಿ, ಆ ಮನುಷ್ಯ ಹೋದಾಗ ಜವಾಬ್ದಾರಿ ಬೇರೆಯವರಿಗೆ ದಾಟಬೇಕು. ಇಡೀ ಕಂಪನಿಯ ಖಾತೆಗಳನ್ನು ಮುಚ್ಚಬಲ್ಲ ಕೈ ಅದು. ಪ್ರವೇಶ ಪರಿಶೀಲನೆಯಲ್ಲಿ ಎಲ್ಲರಿಗಿಂತ ಮೊದಲು ಅದನ್ನೇ ನೋಡಬೇಕು.

ಟೋಕನ್ ಅನ್ನು ಎಲ್ಲೂ ಬರೆದಿಡಬೇಡಿ, ವಾಲ್ಟ್‌ನಲ್ಲಿಡಿ (ಗುಪ್ತ ಕೀಲಿಗಳನ್ನು ಭದ್ರವಾಗಿಡುವ ಸಾಫ್ಟ್‌ವೇರ್). ಆ್ಯಪ್ ಸೆಟ್ಟಿಂಗ್‌ನಲ್ಲಿ ಇಂಥ ಐಪಿ ವಿಳಾಸದಿಂದ ಮಾತ್ರ ಟೋಕನ್ ನಡೆಯಬೇಕು ಎಂದು ಕಟ್ಟಬಹುದು. ನಿಮ್ಮ ವರ್ಚುವಲ್ ಅಪ್ಲಯನ್ಸ್ (ನಿಮ್ಮ ನೆಟ್‌ವರ್ಕ್‌ನಲ್ಲಿ ಕನೆಕ್ಟರ್ ಓಡಿಸುವ ಯಂತ್ರ) ಹೊರಗೆ ಹೋಗುವ ಐಪಿ ಸ್ಥಿರವಾಗಿದ್ದರೆ ಖಂಡಿತ ಕಟ್ಟಿ. ಟೋಕನ್ ರೊಟೇಷನ್ ಕೂಡ ಇದೆ. ಆನ್ ಮಾಡಿದರೆ ಟೋಕನ್ 12 ಗಂಟೆಗೆ ಮುಗಿಯುತ್ತದೆ, ರಿಫ್ರೆಶ್ ಟೋಕನ್ ಕೊಟ್ಟು ಹೊಸದು ಪಡೆಯಬೇಕು. ಆದರೆ ಒಂದು ಆ್ಯಪ್‌ಗೆ ಆನ್ ಮಾಡಿದ ಮೇಲೆ ಆಫ್ ಮಾಡಲಾಗದು. ನಿಮ್ಮ ಕನೆಕ್ಟರ್‌ಗೆ ರಿಫ್ರೆಶ್ ಮಾಡಲು ಬರುತ್ತದೆ ಎಂದು ಬೇರೊಂದು ಆ್ಯಪ್‌ನಲ್ಲಿ ಖಾತ್ರಿ ಮಾಡಿಕೊಂಡೇ ಮುಟ್ಟಿ.

ಹೊಸಸೇತುವೆ

ಇದನ್ನು ಓದಿ ಎದ್ದು ಹೋಗಿ ನೋಡಿದೆ. ಈಗಿನ ಟೋಕನ್ ಸ್ಲ್ಯಾಕ್ ನೋಡಿಕೊಳ್ಳುವ ಸಹೋದ್ಯೋಗಿಯ ಹೆಸರಿನಲ್ಲಿದೆ. ಅವರು ಬೇರೆ ತಂಡಕ್ಕೆ ಹೋಗುವವರಿದ್ದಾರೆ. ಸೇವಾ ಖಾತೆಗೆ ಇಂದೇ ಕೋರಿಕೆ ಹಾಕಿದ್ದೇನೆ.

ಸಣ್ಣ ತಂಡ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮದು ಸಣ್ಣ ಕಂಪನಿ, ಪ್ರೋ ಪ್ಲಾನ್. ಸ್ಕಿಮ್ ಎಲ್ಲೂ ಕಾಣುತ್ತಿಲ್ಲ. ನಾವು ಏನು ಮಾಡಬಹುದು?

ಸ್ಲ್ಯಾಕ್ ಅಡ್ಮಿನ್

ಸ್ಕಿಮ್ ಸಿಗುವುದು ಬಿಸಿನೆಸ್ ಪ್ಲಸ್ ಮತ್ತು ಎಂಟರ್‌ಪ್ರೈಸ್ ಪ್ಲಾನ್‌ಗಳಲ್ಲಿ. ಪ್ರೋದಲ್ಲಿ ಇಲ್ಲ. ಆದರೆ ಪಟ್ಟಿ ಓದಲು ವೆಬ್ ಎಪಿಐ ಸಾಕು. ಓದುವುದನ್ನು ಜೋಡಿಸಿ, ಮುಚ್ಚುವ ಕೆಲಸಕ್ಕೆ ವೇದಿಕೆಯಿಂದ ಟಿಕೆಟ್ ಹುಟ್ಟುವ ಹಾಗೆ ಮಾಡಿ. ಮನುಷ್ಯ ಕೈಯಿಂದ ಮುಚ್ಚುತ್ತಾನೆ, ಮುಂದಿನ ಅಗ್ರಿಗೇಶನ್ ಅದು ನಿಜವಾಗಿ ಮುಚ್ಚಿದೆಯಾ ಎಂದು ನೋಡುತ್ತದೆ. ಟಿಕೆಟ್ ಮುಗಿಯಿತು ಎಂದು ಬರೆದದ್ದನ್ನು ನಂಬಬೇಡಿ, ಖಾತೆಯ ಸ್ಥಿತಿಯನ್ನು ನಂಬಿ. ಸಣ್ಣ ಕಂಪನಿಗೆ ಇದು ಚೆನ್ನಾಗಿಯೇ ನಡೆಯುತ್ತದೆ.

ಆಡಿಟ್ ಮೇಜು

ಈಗ ಚಾನಲ್‌ಗಳ ವಿಷಯ. ನಾನು ಆಡಿಟ್ ಕಡೆಯವಳು, ಹಾಗಾಗಿ ನಿಮ್ಮ ಆಡಿಟರ್ ಪರವಾಗಿ ಮಾತಾಡುತ್ತೇನೆ. ಅವರು ಕೇಳುತ್ತಿರುವುದರಲ್ಲಿ ಅರ್ಥ ಇದೆ. ಕಂಪನಿ ಕೊಳ್ಳುವ ಮಾತುಕತೆ ನಡೆಯುವ ಖಾಸಗಿ ಚಾನಲ್‌ನಲ್ಲಿ ಯಾರ್ಯಾರು ಇದ್ದಾರೆ ಎಂಬುದು ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಕಡಿಮೆ ಮುಖ್ಯ ಅಲ್ಲ. ಮಾಹಿತಿ ಎಲ್ಲಿದೆಯೋ ಅಲ್ಲಿ ಪರಿಶೀಲನೆ ಇರಬೇಕು. ಎಲ್ಲ ಚಾನಲ್‌ಗಳನ್ನೂ ತನ್ನಿ, ಆಮೇಲೆ ಬೇಡದ್ದು ಬಿಡಿ.

ಸ್ಲ್ಯಾಕ್ ಅಡ್ಮಿನ್

ಮೇಡಂ, ಇಲ್ಲಿ ನಾನು ಒಪ್ಪುವುದಿಲ್ಲ. ಸಾರ್ವಜನಿಕ ಚಾನಲ್‌ಗೆ ಯಾವ ಪೂರ್ಣ ಸದಸ್ಯ ಬೇಕಾದರೂ ತಾನೇ ಸೇರಬಹುದು. ಮ್ಯಾನೇಜರ್ ಬೆಳಗ್ಗೆ 'ಬೇಡ' ಎಂದು ತೆಗೆದರೆ ಆ ಮನುಷ್ಯ ಮಧ್ಯಾಹ್ನ ಒಂದು ಗುಂಡಿ ಒತ್ತಿ ವಾಪಸ್ ಬರುತ್ತಾನೆ. ತಡೆಯಲಾಗದ ಪ್ರವೇಶಕ್ಕೆ ಒಪ್ಪಿಗೆ ಕೇಳುವುದರಿಂದ ಏನು ಸಿಕ್ಕಿತು? ನೂರಾರು ಸಾಲು ಕೊಟ್ಟರೆ ಮ್ಯಾನೇಜರ್‌ಗಳು ಎಲ್ಲವನ್ನೂ ಒಟ್ಟಿಗೆ ಆರಿಸಿ 'ಸರಿ' ಒತ್ತುತ್ತಾರೆ. ಆ ರಾಶಿಯಲ್ಲೇ ನೀವು ಹೇಳಿದ ಸೂಕ್ಷ್ಮ ಚಾನಲ್ ಕೂಡ ಇರುತ್ತದೆ. ಅದೂ ಓದದೇ ಒಪ್ಪಿಗೆಯಾಗುತ್ತದೆ.

ನನ್ನ ಪ್ರಕಾರ ಪರಿಶೀಲನೆಗೆ ಬರಬೇಕಾದದ್ದು ಅಡ್ಮಿನ್ ಮತ್ತು ಓನರ್ ರೋಲ್‌ಗಳು, ಯಾವ ವರ್ಕ್‌ಸ್ಪೇಸ್‌ನಲ್ಲಿ ಇದ್ದಾರೆ ಎಂಬುದು, ಯೂಸರ್ ಗ್ರೂಪ್‌ಗಳು (ಒಂದೇ ಹೆಸರಿನಡಿ ಸೇರಿಸಿದ ಸದಸ್ಯರ ಗುಂಪುಗಳು), ಅತಿಥಿಗಳು. ಇವುಗಳ ಜೊತೆಗೆ ಬೆರಳೆಣಿಕೆಯ ಖಾಸಗಿ ಚಾನಲ್‌ಗಳು, ಅವುಗಳ ಒಡೆಯರೇ ಹೆಸರಿಸಿ ಕೊಟ್ಟದ್ದು.

ತಾಂತ್ರಿಕವಾಗಿಯೂ ಒಂದು ಮಾತು. ಸಾಮಾನ್ಯ ಟೋಕನ್‌ಗೆ ಕಾಣುವುದು ಅದರ ಒಡೆಯ ಸದಸ್ಯನಾಗಿರುವ ಖಾಸಗಿ ಚಾನಲ್‌ಗಳು ಮಾತ್ರ. 'ಎಲ್ಲ ಚಾನಲ್ ತಂದಿದ್ದೇವೆ' ಎಂದು ವರದಿ ಕೊಟ್ಟರೆ, ಸೂಕ್ಷ್ಮವಾದವೇ ಅದರಲ್ಲಿ ಇರುವುದಿಲ್ಲ. ಎಂಟರ್‌ಪ್ರೈಸ್‌ನಲ್ಲಿ ಅಡ್ಮಿನ್ ಎಪಿಐ ಬಳಸಿ ಹುಡುಕಬೇಕು.

ಆಡಿಟ್ ಮೇಜು

ಸಾರ್ವಜನಿಕ ಚಾನಲ್ ಬಗ್ಗೆ ನೀವು ಹೇಳಿದ್ದು ಸರಿ, ಅದನ್ನು ಬಿಡುತ್ತೇನೆ. ಮ್ಯಾನೇಜರ್‌ಗಳು ಓದದೇ ಒತ್ತುವುದನ್ನು ನಾನೂ ನೋಡಿದ್ದೇನೆ. ಆದರೆ ಯಾವುದು ಸೂಕ್ಷ್ಮ ಎಂದು ಒಡೆಯರೇ ಹೇಳಲಿ ಎಂಬುದು ಸಾಲದು. ಹೇಳದವರೇ ಜಾಸ್ತಿ. ಕಾನೂನು, ಹಣಕಾಸು, ಮಾನವ ಸಂಪನ್ಮೂಲ ತಂಡಗಳ ಖಾಸಗಿ ಚಾನಲ್‌ಗಳು ಕೇಳದೆಯೇ ಪಟ್ಟಿಗೆ ಬರಲಿ. ಬೇಡ ಎನ್ನುವವರು ಕಾರಣ ಬರೆದು ತೆಗೆಸಲಿ.

ಸ್ಲ್ಯಾಕ್ ಅಡ್ಮಿನ್

ಇದನ್ನು ಒಪ್ಪುತ್ತೇನೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಯೂಸರ್ ಗ್ರೂಪ್‌ಗೆ ಡೀಫಾಲ್ಟ್ ಚಾನಲ್‌ಗಳನ್ನು ಕಟ್ಟಬಹುದು. ಗ್ರೂಪ್‌ಗೆ ಸೇರಿದವರು ಆ ಚಾನಲ್‌ಗಳಿಗೂ ಸೇರುತ್ತಾರೆ. ಆದರೆ ಗ್ರೂಪ್‌ನಿಂದ ತೆಗೆದರೆ ಚಾನಲ್‌ನಿಂದ ಹೊರಬರುವುದಿಲ್ಲ. ಸೇರಿಸುವುದು ತಾನಾಗಿ ಆಗುತ್ತದೆ, ತೆಗೆಯುವುದು ಆಗುವುದಿಲ್ಲ. ಪರಿಶೀಲನೆಯಲ್ಲಿ ಗ್ರೂಪ್ ರದ್ದು ಮಾಡಿ 'ಪ್ರವೇಶ ಹೋಯಿತು' ಎಂದುಕೊಂಡರೆ ಆ ಮನುಷ್ಯ ಖಾಸಗಿ ಚಾನಲ್‌ನಲ್ಲಿ ಕೂತೇ ಇರುತ್ತಾನೆ. ಗ್ರೂಪ್ ರದ್ದಾದಾಗ ಚಾನಲ್‌ನಿಂದಲೂ ತೆಗೆಯುವ ಎರಡನೇ ಹೆಜ್ಜೆಯನ್ನು ನೀವೇ ಬರೆಯಬೇಕು.

ಹೊಸಸೇತುವೆ

ಈ ಕೊನೆಯ ಮಾತು ಬಂಗಾರದಂಥದ್ದು. ನಾವು ಗ್ರೂಪ್‌ಗಳ ಮೇಲೇ ಎಲ್ಲ ಕಟ್ಟುವವರಿದ್ದೆವು.

ಈಗ ಅತಿಥಿಗಳು. ಹೊಂದಿಕೊಳ್ಳದೆ ಉಳಿದದ್ದರಲ್ಲಿ ಅವರೇ ಹೆಚ್ಚು. ಉದ್ಯೋಗಿ ಪಟ್ಟಿಯಲ್ಲಿ ಅವರಿಲ್ಲ. ಯಾರು ಕರೆದರು, ಯಾವ ಕೆಲಸಕ್ಕೆ ಕರೆದರು ಎಂಬುದಕ್ಕೆ ದಾಖಲೆ ಇಲ್ಲ.

ಸ್ಕಿಮ್ ಓದುಗ

ಅತಿಥಿಗಳಲ್ಲಿ ಎರಡು ಬಗೆ. ಒಂದೇ ಚಾನಲ್‌ಗೆ ಸೀಮಿತವಾದವರು, ಹಲವು ಚಾನಲ್‌ಗಳಿಗೆ ಬಿಟ್ಟವರು. ಎಪಿಐ ಉತ್ತರದಲ್ಲಿ 'ರಿಸ್ಟ್ರಿಕ್ಟೆಡ್', 'ಅಲ್ಟ್ರಾ ರಿಸ್ಟ್ರಿಕ್ಟೆಡ್' ಎಂಬ ಗುರುತುಗಳಿವೆ, ಅದರಿಂದ ಬೇರೆ ಮಾಡಬಹುದು. ಹಲವು ಚಾನಲ್‌ನ ಅತಿಥಿಗೆ ಪೂರ್ಣ ಸದಸ್ಯನಷ್ಟೇ ಬಿಲ್ ಆಗುತ್ತದೆ. ಆದ್ದರಿಂದ ಮರೆತ ಅತಿಥಿ ಎಂದರೆ ಹಣವೂ ಹೋಗುತ್ತಿದೆ. ನಿರ್ವಾಹಕರಿಗೆ ಇದನ್ನು ಹೇಳಿ, ಬೇಗ ಕೇಳುತ್ತಾರೆ.

ಅವರನ್ನು ಉದ್ಯೋಗಿ ಮೂಲದಲ್ಲಿ ತುರುಕಬೇಡಿ. ಉದ್ಯೋಗಿಗಳಲ್ಲದವರಿಗೆ ಪ್ರತ್ಯೇಕ ಮೂಲ ಮಾಡಿ. ಒಬ್ಬೊಬ್ಬರಿಗೂ ಒಳಗಿನ ಒಬ್ಬ ಜಾಮೀನುದಾರ ಇರಲಿ, ಒಂದು ಮುಗಿಯುವ ದಿನಾಂಕ ಇರಲಿ. ಸ್ಲ್ಯಾಕ್‌ನಲ್ಲೂ ಅತಿಥಿ ಖಾತೆಗೆ ಅವಧಿ ಹಾಕಬಹುದು, ವೇದಿಕೆಯ ದಿನಾಂಕವನ್ನೇ ಅಲ್ಲಿಗೂ ಬರೆಯಿರಿ. ಆಗ ಕನೆಕ್ಟರ್ ಒಂದು ದಿನ ನಿಂತರೂ ಅತಿಥಿಯ ಅವಧಿ ಅಲ್ಲೇ ಮುಗಿಯುತ್ತದೆ. ಜಾಮೀನುದಾರ ಕೆಲಸ ಬಿಟ್ಟ ದಿನ ಅವರ ಅತಿಥಿಗಳ ಪಟ್ಟಿ ಅವರ ಮ್ಯಾನೇಜರ್‌ಗೆ ಹೋಗಬೇಕು. ಮರೆತ ಅತಿಥಿ ಖಾತೆಗಳು ಹುಟ್ಟುವುದೇ ಈ ಜಾಗದಲ್ಲಿ.

ಸ್ಲ್ಯಾಕ್ ಕನೆಕ್ಟ್ (ಬೇರೆ ಸಂಸ್ಥೆಯ ಜೊತೆ ಚಾನಲ್ ಹಂಚಿಕೊಳ್ಳುವ ಸೌಲಭ್ಯ) ಮೂಲಕ ಬರುವವರು ಅತಿಥಿಗಳಲ್ಲ, ಬೆರೆಸಬೇಡಿ. ಅವರ ಖಾತೆ ಅವರ ಸಂಸ್ಥೆಯದ್ದು. ನಿಮ್ಮ ಸ್ಕಿಮ್ ಅವರನ್ನು ಮುಟ್ಟುವುದಿಲ್ಲ. ನಿಮ್ಮ ಕೈಯಲ್ಲಿರುವುದು ಹಂಚಿದ ಚಾನಲ್ ಮಾತ್ರ. ಯಾವ ಚಾನಲ್ ಯಾವ ಸಂಸ್ಥೆಯ ಜೊತೆ ಹಂಚಿದ್ದೇವೆ, ಅದರ ಒಡೆಯರು ಯಾರು ಎಂದು ಬೇರೆ ಪಟ್ಟಿ ಇಟ್ಟು ಪರಿಶೀಲಿಸಿ.

ಸಣ್ಣ ತಂಡ

ಇನ್ನೊಂದು ಕೇಳಲಾ? ಪ್ರವೇಶ ಕೋರಿಕೆಗೆ ಒಪ್ಪಿಗೆ ಕೊಡುವುದನ್ನೇ ಸ್ಲ್ಯಾಕ್ ಒಳಗೆ ತಂದರೆ ಮ್ಯಾನೇಜರ್‌ಗಳು ಬೇಗ ಮಾಡುತ್ತಾರೆ ಎನ್ನುತ್ತಾರೆ. ಗುಂಡಿ ಒತ್ತಿದರೆ ಒಪ್ಪಿಗೆ. ಇದು ಸುರಕ್ಷಿತವಾ?

ರಾತ್ರಿಪಾಳಿ

ಸರಿಯಾಗಿ ಕಟ್ಟಿದರೆ ಸುರಕ್ಷಿತ. ಗುಂಡಿ ಒತ್ತಿದಾಗ ಬರುವ ಸಂದೇಶಕ್ಕೆ ಸ್ಲ್ಯಾಕ್ ಸಹಿ ಹಾಕಿ ಕಳಿಸುತ್ತದೆ. ಸ್ಲ್ಯಾಕ್ ನಿಮ್ಮ ಆ್ಯಪ್‌ಗೆ ಕೊಟ್ಟ ಸೈನಿಂಗ್ ಸೀಕ್ರೆಟ್ ಎಂಬ ಗುಪ್ತ ಸಂಕೇತ ಬಳಸಿ ಆ ಸಹಿಯನ್ನು ನೋಡಲೇಬೇಕು. ಜೊತೆಗೆ ಬರುವ ಸಮಯ ಐದು ನಿಮಿಷಕ್ಕಿಂತ ಹಳೆಯದಾದರೆ ತಿರಸ್ಕರಿಸಿ, ಹಳೇ ಸಂದೇಶವನ್ನು ಯಾರೋ ಮತ್ತೆ ಕಳಿಸಿರಬಹುದು. ಒತ್ತಿದ್ದು ಯಾರು ಎಂದು ಸ್ಲ್ಯಾಕ್ ಐಡಿಯಿಂದ ನೋಡಿ, ತೋರುವ ಹೆಸರಿನಿಂದ ಬೇಡ. ತೋರುವ ಹೆಸರನ್ನು ಜನ ತಾವೇ ಬದಲಾಯಿಸಬಹುದು. ಮೂರು ಸೆಕೆಂಡಿನೊಳಗೆ ಸ್ಲ್ಯಾಕ್‌ಗೆ 'ಸಿಕ್ಕಿತು' ಎಂದು ಉತ್ತರಿಸಿ, ನಿಜವಾದ ಕೆಲಸ ಹಿಂದೆ ನಡೆಯಲಿ.

ಅಡ್ಮಿನ್ ರೋಲ್‌ನಂಥ ದೊಡ್ಡ ಕೋರಿಕೆಗಳಿಗೆ ನಾನು ಗುಂಡಿ ಕೊಡುವುದಿಲ್ಲ. ಲಿಂಕ್ ಕೊಡುತ್ತೇನೆ, ವೇದಿಕೆಗೆ ಲಾಗಿನ್ ಆಗಿ ಓದಿ ಒಪ್ಪಲಿ. ಬೇಗ ಆಗಬೇಕಾದದ್ದು ಬೇಗ ಆಗಲಿ, ಯೋಚಿಸಿ ಮಾಡಬೇಕಾದದ್ದಕ್ಕೆ ಸ್ವಲ್ಪ ತಡವಾದರೆ ಒಳ್ಳೆಯದೇ.

ಹೊಸಸೇತುವೆ

ಎಲ್ಲರಿಗೂ ತಿಳಿಸಬೇಕು ಅನಿಸಿತು. ಸೇವಾ ಖಾತೆ ಸಿಕ್ಕಿತು, ಟೋಕನ್ ಬದಲಾಯಿತು, ಐಪಿ ಕಟ್ಟಿದ್ದೇವೆ. ಮೂಲ ಗುರುತು ಸ್ಲ್ಯಾಕ್ ಐಡಿ ಆಗಿದೆ. ಪರೀಕ್ಷೆಗೆಂದು ಮಾಡಿದ ಖಾತೆಯನ್ನು ವೇದಿಕೆಯಿಂದ ಡಿಸೇಬಲ್ ಮಾಡಿ ನೋಡಿದೆವು. ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಲಾಗ್‌ಔಟ್ ಆಯಿತು. ಆ ಖಾತೆಯ ಹೆಸರಿನಲ್ಲಿ ಒಂದು ಯೂಸರ್ ಟೋಕನ್ ಸ್ಕ್ರಿಪ್ಟ್ ಬೇಕೆಂದೇ ಓಡಿಸಿದ್ದೆವು, ಅದೂ ನಿಂತಿತು. ಈಗ ಯಾರ ಹೆಸರಿನಲ್ಲಿ ಯಾವ ಸ್ಕ್ರಿಪ್ಟ್ ಓಡುತ್ತಿದೆ ಎಂಬ ಪಟ್ಟಿ ಮಾಡುತ್ತಿದ್ದೇವೆ. ಇಲ್ಲದಿದ್ದರೆ ಕೆಲಸ ಬಿಟ್ಟವರ ಜೊತೆ ನಮ್ಮ ವರದಿಗಳೂ ನಿಂತುಹೋಗುತ್ತವೆ.

ಒಂದು ಭಯ ಉಳಿದಿದೆ. ಅಗ್ರಿಗೇಶನ್ ನಡುವೆ 429 ('ಕರೆಗಳು ಜಾಸ್ತಿಯಾದವು' ಎಂಬ ಎರರ್) ಬಂದು ಅರ್ಧ ಪಟ್ಟಿಯಷ್ಟೇ ಬಂದರೆ, ಉಳಿದ ಖಾತೆಗಳು ಇಲ್ಲ ಎಂದು ವೇದಿಕೆ ತಿಳಿದುಕೊಂಡರೆ?

ರಾತ್ರಿಪಾಳಿ

ಒಳ್ಳೆಯ ಭಯ. 429 ಜೊತೆಗೆ ಎಷ್ಟು ಸೆಕೆಂಡ್ ಕಾಯಬೇಕು ಎಂಬುದು ರಿಟ್ರೈ ಆಫ್ಟರ್ ಹೆಡರ್‌ನಲ್ಲಿ ಬರುತ್ತದೆ. ಅಷ್ಟು ಕಾದು ಅದೇ ಪುಟವನ್ನು ಮತ್ತೆ ಕೇಳಬೇಕು. ಬಳಕೆದಾರರ ಪಟ್ಟಿಗೆ ನಿಮಿಷಕ್ಕೆ 20 ಕರೆಯ ಸುಮಾರಿನ ಮಿತಿ ಇದೆ. ಒಂದು ಪುಟಕ್ಕೆ 200ಕ್ಕಿಂತ ಜಾಸ್ತಿ ಕೇಳಬೇಡಿ ಎಂಬುದು ಸ್ಲ್ಯಾಕ್‌ನ ಸಲಹೆ. ಮುಂದಿನ ಪುಟ ಎಲ್ಲಿಂದ ಎಂದು ಹೇಳುವ ಕರ್ಸರ್ ಖಾಲಿ ಬಂದಾಗ ಮಾತ್ರ ಮುಗಿಯಿತು ಎಂದು ತಿಳಿಯಬೇಕು. ಬಂದ ಸಾಲು ಕಡಿಮೆ ಇದೆ ಎಂದು ನಿಲ್ಲಿಸಬೇಡಿ, ಕೆಲವು ಪುಟಗಳು ಕೇಳಿದ್ದಕ್ಕಿಂತ ಕಡಿಮೆ ಕೊಡುತ್ತವೆ.

ವೇದಿಕೆಯ ಕಡೆ ಖಾತೆ ತೆಗೆಯುವ ಮಿತಿ ಎಂಬ ಸೆಟ್ಟಿಂಗ್ ಇದೆ. ಒಂದೇ ಸಲ ಇಷ್ಟು ಶೇಕಡಾಕ್ಕಿಂತ ಜಾಸ್ತಿ ಖಾತೆ ಮಾಯವಾದರೆ ಅಗ್ರಿಗೇಶನ್ ನಿಲ್ಲಲಿ ಎಂದು ಹಾಕುವುದು. ಸ್ಲ್ಯಾಕ್‌ನಲ್ಲಿ ಖಾತೆ ನಿಷ್ಕ್ರಿಯವಾದರೂ ಪಟ್ಟಿಯಿಂದ ಹೋಗುವುದಿಲ್ಲ. ಅಂದರೆ ಖಾತೆ ಮಾಯವಾಗುವುದೇ ಅಸಹಜ. ಮಿತಿಯನ್ನು ತುಂಬಾ ಕಡಿಮೆ ಇಡಿ.

ಆಡಿಟ್ ಮೇಜು

ಗ್ರಿಡ್ ಇದೆ ಎಂದಿರಿ, ಹಾಗಾದರೆ ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ ಕೊಡುವ ಆಡಿಟ್ ಲಾಗ್ ಎಪಿಐ ನಿಮಗೆ ಸಿಗುತ್ತದೆ. ಅದಕ್ಕೆ ಓದುವ ಸ್ಕೋಪ್ ಮಾತ್ರ ಇರುವ ಬೇರೆ ಟೋಕನ್ ಇಡಿ, ಕನೆಕ್ಟರ್ ಟೋಕನ್ ಕೊಡಬೇಡಿ. ವೇದಿಕೆ ಮುಚ್ಚಿದೆ ಎಂದ ಪ್ರತಿಯೊಂದು ಖಾತೆಗೂ ಲಾಗ್‌ನಲ್ಲಿ ನಿಷ್ಕ್ರಿಯವಾದ ಘಟನೆ ಇದೆಯಾ ಎಂದು ತಾಳೆ ನೋಡಿ. ಉಲ್ಟಾ ಕೂಡ ನೋಡಿ: ಲಾಗ್‌ನಲ್ಲಿ ಯಾರೋ ಅಡ್ಮಿನ್ ಆಗಿದ್ದಾರೆ, ವೇದಿಕೆಯಲ್ಲಿ ಅದಕ್ಕೆ ಕೋರಿಕೆ ಇಲ್ಲ. ಅಂಥದ್ದು ಸಿಕ್ಕರೆ ಅವತ್ತೇ ಕೇಳಿ. ನಿಮ್ಮ ಆಡಿಟರ್‌ಗೆ ಈ ತಾಳೆ ಪಟ್ಟಿ ತೋರಿಸಿ, ಸಾವಿರಾರು ಚಾನಲ್‌ಗಳ ಪಟ್ಟಿಗಿಂತ ಅವರಿಗೆ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೊಸಸೇತುವೆ

ಆಡಿಟ್ ಲಾಗ್ ಟೋಕನ್‌ಗೆ ಪ್ರತ್ಯೇಕ ಆ್ಯಪ್ ಮಾಡುತ್ತೇನೆ. ಅತಿಥಿಗಳ ಪಟ್ಟಿ ಎಲ್ಲ ವಿಭಾಗದ ಮುಖ್ಯಸ್ಥರಿಗೆ ಹೋಗಿದೆ, ಜಾಮೀನುದಾರರ ಹೆಸರು ಬರುತ್ತಿವೆ. ಯಾರೂ ತಮ್ಮವರು ಎನ್ನದ ಅತಿಥಿ ಖಾತೆಗಳನ್ನು ತಿಂಗಳ ಕೊನೆಗೆ ನಿಷ್ಕ್ರಿಯ ಮಾಡುವುದೆಂದು ತೀರ್ಮಾನವಾಗಿದೆ.